ಎಣಿಸೋದು ಬೇರೆ, ಬರೆದಿಡೋದು ಬೇರೆ

"ಸರ್ವರ್ ತುಂಬಾ ಸ್ಲೋ ಆಗಿದೆ, ಸ್ವಲ್ಪ ನೋಡಿ." ಇಷ್ಟು ಹೇಳಿ ಫೋನ್ ಇಟ್ಟುಬಿಡ್ತಾರೆ. ಹೇಳೋರಿಗೇನು, ಸುಲಭ. ಕೇಳಿಸ್ಕೊಂಡೋರ ಪಾಡು ನಾಯಿಪಾಡು. ಯಾವ ಸರ್ವರ್, ಯಾವಾಗಿಂದ, ಯಾವ ಪೇಜು ಅಂತ ಒಂದೊಂದೇ ಕೇಳ್ತಾ ಹೋದ್ರೆ ಬಹಳ ಸಲ ಕೊನೆಗೆ ಬಂದು ನಿಲ್ಲೋದು ಡೇಟಾಬೇಸ್ ಬಾಗಿಲಲ್ಲಿ. ಅಲ್ಲಿ ಇನ್ನೊಂದು ಪ್ರಶ್ನೆ ಕಾಯ್ತಾ ಇರುತ್ತೆ. ಡೇಟಾಬೇಸ್ ಸ್ಲೋ ಸರಿ, ಯಾವ ಕ್ವೆರಿ?

ಇದಕ್ಕೆ ಉತ್ತರ ಗೊತ್ತಿಲ್ಲದಿದ್ರೆ ಜನ ಸುಮ್ನೆ ರ‍್ಯಾಮ್ ಜಾಸ್ತಿ ಮಾಡ್ತಾರೆ, ದೊಡ್ಡ ಮಷೀನು ತರ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಉತ್ತರ ಬೇಕು ಅಂದ್ರೆ ಡೇಟಾಬೇಸು ಯಾವ ಕ್ವೆರಿಯನ್ನ ಎಷ್ಟು ಸಲ ಓಡಿಸ್ತು, ಎಷ್ಟು ಹೊತ್ತು ತಗೊಂಡ್ತು ಅನ್ನೋ ಲೆಕ್ಕ ಎಲ್ಲಾದ್ರೂ ಇರ್ಬೇಕು. ಈ ಲೆಕ್ಕ ಇಡೋಣ ಅಂತ ಯಾರಾದ್ರೂ ಮೀಟಿಂಗಲ್ಲಿ ಹೇಳಿದ ತಕ್ಷಣ ಒಂದು ಆಕ್ಷೇಪ ಬಂದೇ ಬರುತ್ತೆ: "ಲೆಕ್ಕ ಇಡೋದ್ರಿಂದ ಇನ್ನೂ ಸ್ಲೋ ಆಗಲ್ವಾ?" ಒಳ್ಳೆ ಪ್ರಶ್ನೇನೇ. ಆದ್ರೆ ನಾನು ಕೂತಿರೋ ಮೀಟಿಂಗುಗಳಲ್ಲಿ ಅದರ ಪಕ್ಕದಲ್ಲೇ ಬರಬೇಕಾದ ಇನ್ನೊಂದು ಪ್ರಶ್ನೆ ಬಂದಿದ್ದನ್ನ ನಾನು ನೋಡಿದ್ದು ಒಂದೇ ಸಲ. ಈ ಲೆಕ್ಕದ ಪುಸ್ತಕವನ್ನ ಯಾರು ಓದ್ತಾರೆ?

ಸಾಫ್ಟ್‌ವೇರಿನ ಗೊಡವೆ ಇಲ್ಲದ ಗೆಳೆಯರಿಗೆ ಎರಡು ಮಾತು. (ಗೊತ್ತಿರೋರು ಈ ಪ್ಯಾರಾ ಹಾರಿಸಿಬಿಡಿ!) ಕ್ವೆರಿ ಅಂದ್ರೆ ಡೇಟಾಬೇಸಿಗೆ ಕೇಳೋ ಪ್ರಶ್ನೆ. "ಈ ಮೊಬೈಲ್ ನಂಬರ್ ಇರೋ ಗ್ರಾಹಕರ ಬಾಕಿ ಎಷ್ಟು?" ಅನ್ನೋ ತರಹ. ನೀವು ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದ್ರೆ ಹಿಂದೆ ಇಂಥ ಐದಾರು ಪ್ರಶ್ನೆ ಹೋಗುತ್ತೆ. ಈಗ ದರ್ಶಿನಿಯ ಕ್ಯಾಷ್ ಕೌಂಟರ್ ನೆನಪು ಮಾಡ್ಕೊಳ್ಳಿ. ಸಂಜೆ ಮಷೀನು ಇಡ್ಲಿ ಇಷ್ಟು ಪ್ಲೇಟು, ಖಾರಾಬಾತ್ ಇಷ್ಟು, ಕಾಫಿ ಇಷ್ಟು ಅಂತ ಒಂದು ಚೀಟಿ ಉಗುಳುತ್ತೆ. ಯಾರು ತಿಂದ್ರು ಅನ್ನೋದು ಅದಕ್ಕೆ ಬೇಕಿಲ್ಲ. ಅದೇ ಊರಿನ ಕಿರಾಣಿ ಅಂಗಡಿಯ ಸಾಲದ ಪುಸ್ತಕ ನೋಡಿ. ಯಾರ ಮನೆಗೆ ಯಾವತ್ತು ಎಷ್ಟು ಅಕ್ಕಿ ಹೋಯ್ತು, ಯಾರ ಮನೇಲಿ ದುಡ್ಡಿಗೆ ಕಷ್ಟ ಇದೆ, ಎಲ್ಲಾ ಅದರಲ್ಲೇ ಇದೆ. ಎರಡೂ ಲೆಕ್ಕಾನೇ. ಆದ್ರೆ ಮೊದಲನೇದನ್ನ ರಸ್ತೇಲಿ ಬಿಸಾಕಿದ್ರೂ ಯಾರಿಗೂ ನಷ್ಟ ಇಲ್ಲ. ಎರಡನೇದನ್ನ ಅಂಗಡಿಯವರು ಗಲ್ಲಾಪೆಟ್ಟಿಗೆ ಒಳಗೆ ಇಡ್ತಾರೆ.

ಕ್ವೆರಿಗಳ ಲೆಕ್ಕದಲ್ಲೂ ಇದೇ ಎರಡು ಜಾತಿ. ನನಗೆ ಚೆನ್ನಾಗಿ ಪರಿಚಯ ಇರೋದು ಪೋಸ್ಟ್‌ಗ್ರೆಸ್, ಹಾಗಾಗಿ ಅದನ್ನೇ ಇಟ್ಕೊಂಡು ಹೇಳ್ತೀನಿ. ಹಳೇ ದಾರಿ ಅಂದ್ರೆ ಲಾಗ್ ಫೈಲು. ಇಷ್ಟು ಮಿಲಿಸೆಕೆಂಡಿಗಿಂತ ಜಾಸ್ತಿ ತಗೊಂಡ ಕ್ವೆರಿಯನ್ನೆಲ್ಲ ಬರೆದಿಡು ಅಂತ ಒಂದು ಸೆಟ್ಟಿಂಗ್ ಇದೆ. ಅದಕ್ಕೆ ಸೊನ್ನೆ ಕೊಟ್ರೆ ಪ್ರತಿಯೊಂದು ಕ್ವೆರಿಯನ್ನೂ ಅಕ್ಷರ ಬಿಡದೆ ಬರೆಯುತ್ತೆ. ಆಮೇಲೆ ಪಿಜಿಬ್ಯಾಡ್ಜರ್ ತರಹದ ಒಂದು ಟೂಲಿಗೆ ಆ ಫೈಲು ತಿನ್ನಿಸಿದ್ರೆ ಚೆಂದದ ರಿಪೋರ್ಟ್ ಕೊಡುತ್ತೆ. ಇದು ಸಾಲದ ಪುಸ್ತಕ.

ಇನ್ನೊಂದು ದಾರಿ 2009ರಲ್ಲಿ ಪೋಸ್ಟ್‌ಗ್ರೆಸ್ 8.4ರ ಜೊತೆ ಬಂದ 'ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್' ಅನ್ನೋ ಎಕ್ಸ್‌ಟೆನ್ಶನ್. ಮೊದಮೊದಲು ಅದು ಅಷ್ಟೇನೂ ಉಪಯೋಗಕ್ಕೆ ಬರ್ತಿರಲಿಲ್ಲ. ಯಾಕಂದ್ರೆ ಕ್ವೆರಿ ಒಳಗಿನ ನಂಬರ್ ಬದಲಾದ್ರೆ ಅದನ್ನ ಬೇರೆ ಕ್ವೆರಿ ಅಂತಲೇ ಲೆಕ್ಕ ಹಾಕ್ತಿತ್ತು. 2012ರ 9.2ರಲ್ಲಿ ಅದು ಸರಿ ಹೋಯ್ತು. ಕ್ವೆರಿಯ ಒಳಗಿರೋ ಹೆಸರು, ನಂಬರ್, ತಾರೀಖು ಎಲ್ಲಾ ತೆಗೆದು ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ (ಈಗಿನ ವರ್ಷನ್‌ಗಳಲ್ಲಿ $1, $2 ಅಂತ ಬರುತ್ತೆ) ಒಂದೇ ಆಕಾರದ ಕ್ವೆರಿಗಳನ್ನೆಲ್ಲ ಒಂದೇ ಸಾಲಿಗೆ ಸೇರಿಸೋಕೆ ಶುರು ಮಾಡ್ತು. ಎಷ್ಟು ಸಲ ಓಡ್ತು, ಒಟ್ಟು ಸಮಯ, ಸರಾಸರಿ, ಎಷ್ಟು ಸಾಲು ಬಂತು... ಅಷ್ಟೇ. ಇದು ದರ್ಶಿನಿ ಚೀಟಿ. ಮೈಎಸ್‌ಕ್ಯೂಎಲ್‌ನಲ್ಲೂ 5.6ರಿಂದ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ 'ಡೈಜೆಸ್ಟ್' ಅನ್ನೋ ಹೆಸರಲ್ಲಿ ಇಂಥದ್ದೇ ಒಂದು ಇದೆ.

ಈಗ ಆ ಮೀಟಿಂಗ್ ವಿಷಯ.

ಕೆಲವು ಊರುಗಳಲ್ಲಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಲ್ಯಾಬ್ ಇಟ್ಟಿರೋ ಒಂದು ಕಂಪನಿಯ ಸಾಫ್ಟ್‌ವೇರನ್ನ ನಾವು ನೋಡ್ಕೋತಿದ್ವಿ. ಮುಂಚೆ ಬೇರೆ ಯಾರೋ ನೋಡ್ಕೋತಿದ್ರು, ನಮ್ಮ ಕೈಗೆ ಬಂದಾಗ ಬೆಳಗ್ಗೆ ಹತ್ತು ಗಂಟೆ ಆದ್ರೆ ಸಾಕು, ರಿಪೋರ್ಟ್ ಪೇಜು ತೆವಳ್ತಿತ್ತು. ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಹಾಕೋಣ ಅಂತ ನಾನು ಅಂದೆ. ಕ್ಲೈಂಟ್ ಕಡೆಯ ಡಿಬಿಎ ಹಿರಿಯರು, ಒಳ್ಳೇ ಮನುಷ್ಯ, ತಕ್ಷಣ ತಲೆ ಅಲ್ಲಾಡಿಸಿದ್ರು. "ಬೇಡಪ್ಪಾ, ಅದಕ್ಕೆ ರೀಸ್ಟಾರ್ಟ್ ಬೇರೆ ಮಾಡ್ಬೇಕು, ಆಮೇಲೆ ಓವರ್‌ಹೆಡ್ ಬೇರೆ. ಲಾಗ್ ಇದೆಯಲ್ಲ, ಅದನ್ನೇ ನೋಡೋಣ" ಅಂದ್ರು. ರೀಸ್ಟಾರ್ಟ್ ಬೇಕು ಅನ್ನೋದು ನಿಜ, ಅದು ಸರ್ವರ್ ಶುರುವಾಗುವಾಗಲೇ ಲೋಡ್ ಆಗಬೇಕಾದ ಲೈಬ್ರರಿ. ಸರಿ ಸಾರ್ ಅಂತ ಲಾಗ್ ತೆಗೆದ್ವಿ. ಹಿಂದಿನವರು ಸೊನ್ನೆ ಇಟ್ಟು ಹೋಗಿದ್ರು! ಅಂದ್ರೆ ತಿಂಗಳುಗಟ್ಟಲೆಯಿಂದ ಪ್ರತಿಯೊಂದು ಕ್ವೆರಿಯೂ ಡಿಸ್ಕಿಗೆ ಬೀಳ್ತಾ ಇದೆ. ಓವರ್‌ಹೆಡ್ ಬೇಡ ಅಂತ ಎಣಿಸೋದನ್ನ ಬೇಡ ಅಂದಿದ್ದು, ಅದಕ್ಕಿಂತ ಎಷ್ಟೋ ಭಾರದ್ದು ಆಗಲೇ ತಲೆ ಮೇಲೆ ಕೂತಿತ್ತು.

ಪ್ರೊಜೆಕ್ಟರ್‌ನಲ್ಲಿ ಫೈಲ್ ಹಾಕಿದ್ರು. ರೂಮಲ್ಲಿ ಏಳು ಜನ. ಸ್ಕ್ರೋಲ್ ಮಾಡ್ತಾ ಮಾಡ್ತಾ ಏಳು ಸೆಕೆಂಡ್ ತಗೊಂಡ ಒಂದು ಕ್ವೆರಿ ಸಿಕ್ತು. ಸಿಕ್ಕಿತಲ್ಲ ಕಳ್ಳ ಅಂತ ಎಲ್ಲರಿಗೂ ಖುಷಿ. ಮೊಬೈಲ್ ನಂಬರನ್ನ ಕೆಲವರು ಸೊನ್ನೆ ಸೇರಿಸಿ, ಕೆಲವರು +91 ಸೇರಿಸಿ ಟೈಪ್ ಮಾಡಿದ್ರಿಂದ, ಹಿಂದಿನವರು 'ಕೊನೆಯ ಹತ್ತು ಅಂಕಿ ಹೊಂದಿದ್ರೆ ಸಾಕು, ಮುಂದೆ ಏನಿದ್ರೂ ಪರವಾಗಿಲ್ಲ' ಅಂತ ಹುಡುಕೋ ಹಾಗೆ ಬರೆದಿದ್ರು. ಮುಂದೆ ಏನಿದೆ ಅಂತ ಗೊತ್ತಿಲ್ಲದಿದ್ರೆ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರಲ್ಲ, ಟೇಬಲ್ ಪೂರ್ತಿ ಓದಬೇಕಾಗುತ್ತೆ. ನಿಘಂಟಿನಲ್ಲಿ 'ಕಾರ' ಅಂತ ಕೊನೆಯಾಗೋ ಪದಗಳನ್ನ ಹುಡುಕಿದ ಹಾಗೆ, ಮೊದಲ ಪುಟದಿಂದ ಕೊನೆ ಪುಟದವರೆಗೆ ತಿರುವಬೇಕು. ಇದನ್ನೇ ಹತ್ತು ನಿಮಿಷ ಚರ್ಚೆ ಮಾಡಿದ್ವಿ. ಆ ಹತ್ತು ನಿಮಿಷವೂ ಆ ಕ್ವೆರಿ ಗೋಡೆ ಮೇಲೆ ಇತ್ತು. ಮೊಬೈಲ್ ನಂಬರ್ ಪೂರ್ತಿಯಾಗಿ, ಪಕ್ಕದಲ್ಲೇ ಟೆಸ್ಟ್ ಹೆಸರು: ಬಯಾಪ್ಸಿ.

ನಮ್ಮ ಟೀಮಿನ ಹುಡುಗನೊಬ್ಬ ನಂಬರ್ ನೋಡ್ತಾ ನೋಡ್ತಾ, ಪಕ್ಕದಲ್ಲಿ ಕೂತಿದ್ದ ಟೆಸ್ಟಿಂಗ್ ಟೀಮಿನ ಸಹೋದ್ಯೋಗಿಗೆ "ಮೇಡಂ, ಇದು ನಿಮ್ಮ ನಂಬರ್ ಅಲ್ವಾ?" ಅಂದುಬಿಟ್ಟ. ಅವನ ತಪ್ಪೇನೂ ಇಲ್ಲ. ಕೊನೆಯ ನಾಲ್ಕು ಅಂಕಿ ನೆನಪಿರೋ ಹಾಗಿತ್ತು, ನಮ್ಮೆಲ್ಲರ ಫೋನಲ್ಲೂ ಆ ನಂಬರ್ ಇತ್ತು. ಅವರು ಒಂದು ಕ್ಷಣ ಸುಮ್ಮನಿದ್ದು "ಹೌದು, ಅಮ್ಮಂದು" ಅಂದ್ರು. ಆಮೇಲೆ ಯಾರೂ ಏನೂ ಮಾತಾಡಲಿಲ್ಲ. ಡಿಬಿಎ ಸಾರ್ ಲ್ಯಾಪ್‌ಟಾಪ್ ಮುಚ್ಚಿದ್ರು, ಮುಚ್ಚಿದ ಮೇಲೂ ಪ್ರೊಜೆಕ್ಟರ್ ನೀಲಿ ಬಣ್ಣ ಬಿಡ್ತಾ ಇತ್ತು. ಅಮ್ಮನಿಗೆ ಟೆಸ್ಟ್ ಆಗಿರೋದು ಅವರ ಮನೆಯಲ್ಲೇ ಎಲ್ಲರಿಗೂ ಹೇಳಿರಲಿಲ್ಲವಂತೆ, ಆಮೇಲೆ ಗೊತ್ತಾಯ್ತು. ಅವತ್ತು ಆಫೀಸಿನ ಆರು ಜನಕ್ಕೆ ಗೊತ್ತಾಗಿ ಹೋಗಿತ್ತು.

ಆ ಪ್ರಶ್ನೆಯನ್ನ ಒಂದೇ ಸಲ ಕೇಳಿಸಿಕೊಂಡೆ ಅಂದೆನಲ್ಲ, ಅದು ಅವತ್ತೇ, ಅವರ ಬಾಯಿಂದಲೇ. ಮೀಟಿಂಗ್ ಮುಗಿದು ಎದ್ದು ಹೋಗುವಾಗ ನಿಂತು ಕೇಳಿದ್ರು. "ಈ ಫೈಲು ಯಾರ್ಯಾರ ಹತ್ತಿರ ಇದೆ?"

ಹುಡುಕಿದ್ವಿ. ಸರ್ವರ್‌ನಲ್ಲಿ ಒಂದು, ಅದು ಗೊತ್ತೇ ಇತ್ತು. ದಿನಾ ರಾತ್ರಿ ಬ್ಯಾಕಪ್ ಆಗೋ ಇನ್ನೊಂದು ಮಷೀನಲ್ಲಿ ಎಷ್ಟೋ ತಿಂಗಳದ್ದು. ಟ್ಯೂನಿಂಗ್ ಮಾಡಿ ಕೊಡಿ ಅಂತ ಹಿಂದಿನವರು ಹೊರಗಿನ ಒಬ್ಬ ಕನ್ಸಲ್ಟೆಂಟಿಗೆ ಜಿಪ್ ಮಾಡಿ ಮೇಲ್ ಮಾಡಿದ್ದು ಒಂದು. ಇಬ್ಬರ ಲ್ಯಾಪ್‌ಟಾಪ್‌ಗಳ ಡೌನ್‌ಲೋಡ್ ಫೋಲ್ಡರಿನಲ್ಲಿ. ಪೇಷೆಂಟ್ ಟೇಬಲ್ಲಿಗೆ ಮಾತ್ರ ಮೂರೇ ಮೂರು ಜನಕ್ಕೆ ಪರ್ಮಿಶನ್ ಇತ್ತು! ಅದಕ್ಕೆ ಎಂಥಾ ಪಾಸ್‌ವರ್ಡು, ಎಂಥಾ ವಿಪಿಎನ್ನು, ಎಷ್ಟು ಸಹಿ. ಅದೇ ಟೇಬಲ್ಲಿನ ಮಾಹಿತಿ ಕ್ವೆರಿಯ ಬಾಲ ಹಿಡ್ಕೊಂಡು ಹಿತ್ತಲ ಬಾಗಿಲಿಂದ ಹೊರಗೆ ಹೋಗಿ ಊರೆಲ್ಲ ಸುತ್ತಾಡ್ತಿತ್ತು. ಸಿಕ್ಕಿದ್ದನ್ನ ಅಳಿಸಿದ್ವಿ. ಕನ್ಸಲ್ಟೆಂಟಿಗೆ ಮೇಲ್ ಹಾಕಿದ್ವಿ, "ನೋಟೆಡ್" ಅಂತ ಒಂದು ಪದದ ಉತ್ತರ ಬಂತು.

ಇದೇನು ನಮ್ಮಂಥ ಸಣ್ಣವರ ಪಾಡು ಮಾತ್ರ ಅಂದ್ಕೋಬೇಡಿ. 2018ರ ಮೇ ತಿಂಗಳಲ್ಲಿ ಆಗಿನ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಾಯಿಸಿ ಅಂತ ಹೇಳಿತ್ತು, ನೆನಪಿದ್ಯಾ? ಡೇಟಾಬೇಸಿನಲ್ಲಿ ಪಾಸ್‌ವರ್ಡ್‌ಗಳು ಬಿಕ್ರಿಪ್ಟ್ ಹಾಕಿ ಭದ್ರವಾಗೇ ಇದ್ವು. ಆದ್ರೆ ಆ ಕೆಲಸ ಮುಗಿಯೋಕ್ಕೆ ಮುಂಚೆಯೇ ಒಂದು ಒಳಗಿನ ಲಾಗ್‌ನಲ್ಲಿ ಇದ್ದದ್ದು ಇದ್ದ ಹಾಗೆ ಬರೀತಾ ಇತ್ತು. 2019ರ ಮಾರ್ಚಿನಲ್ಲಿ ಫೇಸ್‌ಬುಕ್‌ದೂ ಇದೇ ಕಥೆ ಹೊರಗೆ ಬಂತು, ಕೋಟಿಗಟ್ಟಲೆ ಪಾಸ್‌ವರ್ಡ್‌ಗಳು ಕಂಪನಿಯ ಒಳಗೆ ಓದೋಕೆ ಸಿಗೋ ಹಾಗಿದ್ವು. ಅದಕ್ಕೆ ಐರ್ಲೆಂಡಿನ ಡೇಟಾ ಪ್ರೊಟೆಕ್ಷನ್ ಕಮಿಷನ್ 2024ರ ಸೆಪ್ಟೆಂಬರಿನಲ್ಲಿ 9.1 ಕೋಟಿ ಯೂರೋ ದಂಡ ಹಾಕ್ತು. 2025ರ ಜನವರಿಯಲ್ಲಿ ಡೀಪ್‌ಸೀಕ್ ಹೆಸರು ಎಲ್ಲೆಲ್ಲೂ ಕೇಳ್ತಿದ್ದಾಗ, ವಿಝ್ ಅನ್ನೋ ಸೆಕ್ಯೂರಿಟಿ ಕಂಪನಿಗೆ ಅವರ ಒಂದು ಕ್ಲಿಕ್‌ಹೌಸ್ ಡೇಟಾಬೇಸ್ ಪಾಸ್‌ವರ್ಡೇ ಇಲ್ಲದೆ ತೆರೆದಿಟ್ಟದ್ದು ಸಿಕ್ತು. ಅದರಲ್ಲಿ ಇದ್ದಿದ್ದು ಏನು ಗೊತ್ತಾ? ಲಾಗ್! ಹತ್ತು ಲಕ್ಷಕ್ಕೂ ಹೆಚ್ಚು ಸಾಲು, ಜನ ಮಾಡಿದ ಚಾಟ್‌ಗಳೂ ಸೀಕ್ರೆಟ್ ಕೀಗಳೂ ಸೇರಿ. ಈ ಮೂರರಲ್ಲೂ ಬಾಯಿ ಬಿಟ್ಟಿದ್ದು ಪಕ್ಕದಲ್ಲಿ ಕೂತು ಬರ್ಕೋತಿದ್ದ ಗುಮಾಸ್ತ.

ಹಾಗಾದ್ರೆ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಹಾಕ್ಕೊಂಡ್ರೆ ನಿಶ್ಚಿಂತೆಯಾ? ನಾನೂ ಹಾಗೇ ವಾದ ಮಾಡ್ತಿದ್ದೆ. ಅದು ಲಾಗ್‌ಗಿಂತ ಎಷ್ಟೋ ಪಾಲು ವಾಸಿ, ಆ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದ್ರೂ ಅದರೊಳಗೆ ಕೂತು ನೋಡಿದಾಗ ಒಂದಿಷ್ಟು ಸಂದುಗೊಂದು ಕಾಣುತ್ತೆ.

ಅದು ತೆಗೆಯೋದು ಕ್ವೆರಿಯೊಳಗಿನ ಬೆಲೆಗಳನ್ನ ಮಾತ್ರ. ಕಾಮೆಂಟ್‌ಗಳನ್ನ ಮುಟ್ಟಲ್ಲ. ಈಗ ಎಷ್ಟೋ ಕಡೆ ಯಾವ ಪೇಜಿಂದ, ಯಾವ ಯೂಸರಿಂದ ಕ್ವೆರಿ ಬಂತು ಅಂತ ಗೊತ್ತಾಗೋಕೆ ಕ್ವೆರಿಗೆ ಒಂದು ಕಾಮೆಂಟ್ ಅಂಟಿಸಿ ಕಳಿಸೋ ಅಭ್ಯಾಸ ಇದೆ. ಒಂದೇ ಆಕಾರದ ಸಾವಿರ ಕ್ವೆರಿ ಬಂದ್ರೂ ಇದು ಇಟ್ಕೊಳ್ಳೋದು ಮೊದಲು ಬಂದ ಕ್ವೆರಿಯ ಪಠ್ಯವನ್ನ, ಕಾಮೆಂಟ್ ಸಮೇತ. ಆ ಕಾಮೆಂಟಲ್ಲಿ ಯಾರದ್ದೋ ಇಮೇಲ್ ಇದ್ರೆ, ಆ ಮೊದಲನೇ ಪುಣ್ಯಾತ್ಮರ ಹೆಸರು ಸಾವಿರ ಜನರ ಲೆಕ್ಕದ ಮೇಲೆ ಬೋರ್ಡ್ ತರಹ ನೇತಾಡ್ತಾ ಇರುತ್ತೆ. ಸರ್ವರ್ ಆರಿಸಿ ಹಚ್ಚಿದ್ರೂ ಹೋಗಲ್ಲ, ಯಾಕಂದ್ರೆ ಲೆಕ್ಕವನ್ನ ಡಿಸ್ಕಿಗೆ ಉಳಿಸಿಕೊಳ್ಳೋದೇ ಅದರ ಮಾಮೂಲು.

ಪಾಸ್‌ವರ್ಡ್ ಬದಲಾಯಿಸೋ ಕಮಾಂಡಿನದ್ದು ಇನ್ನೊಂದು ಗೋಳು. ಅದನ್ನ ನೇರವಾಗಿ ಎಸ್‌ಕ್ಯೂಎಲ್‌ನಲ್ಲಿ ಟೈಪ್ ಮಾಡಿದ್ರೆ ಪಾಸ್‌ವರ್ಡ್ ಸರ್ವರ್ ಲಾಗಿನಲ್ಲೂ ನಿಮ್ಮ ಟರ್ಮಿನಲ್ ಹಿಸ್ಟರಿಯಲ್ಲೂ ಉಳೀಬಹುದು ಅಂತ ಪೋಸ್ಟ್‌ಗ್ರೆಸ್ ದಾಖಲೆಯೇ ಎಚ್ಚರಿಸುತ್ತೆ. ಅದಕ್ಕೇ ಪಿಎಸ್‌ಕ್ಯೂಎಲ್‌ನಲ್ಲಿ ಪಾಸ್‌ವರ್ಡಿಗೆ ಅಂತಲೇ ಬೇರೆ ಕಮಾಂಡ್ ಇದೆ, ಅದು ನಮ್ಮ ಕಡೆಯೇ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತೆ. ಎಷ್ಟು ಜನ ಬಳಸ್ತಾರೋ ದೇವರಿಗೇ ಗೊತ್ತು. ಮೈಎಸ್‌ಕ್ಯೂಎಲ್ ಈ ವಿಷಯದಲ್ಲಿ ಸ್ವಲ್ಪ ಜಾಣ, 5.6ರಿಂದ ಇಂಥ ಕಮಾಂಡ್‌ಗಳನ್ನ ಲಾಗಿಗೆ ಬರೆಯೋಕ್ಕೆ ಮುಂಚೆ ಪಾಸ್‌ವರ್ಡ್ ಮರೆಮಾಡುತ್ತೆ.

ಇನ್ನು ಯಾರು ನೋಡಬಹುದು ಅನ್ನೋದು. ಪೋಸ್ಟ್‌ಗ್ರೆಸ್ ಇದನ್ನ ಚೆನ್ನಾಗೇ ಯೋಚನೆ ಮಾಡಿದೆ. ನೀವು ಸಾಮಾನ್ಯ ಯೂಸರ್ ಆದ್ರೆ ಬೇರೆಯವರು ಓಡಿಸಿದ ಕ್ವೆರಿಯ ಪಠ್ಯ ಕಾಣಲ್ಲ, ಅಲ್ಲಿ 'ನಿಮಗೆ ಹಕ್ಕು ಸಾಲದು' ಅನ್ನೋ ಅರ್ಥದ ಮಾತು ಬರುತ್ತೆ. ಆದ್ರೆ ಅಂಕಿಗಳು ಕಾಣುತ್ತೆ: ಎಷ್ಟು ಸಲ, ಎಷ್ಟು ಸಾಲು, ಎಷ್ಟು ಹೊತ್ತು. 2017ರ 10ನೇ ವರ್ಷನ್‌ವರೆಗೆ ಮಾನಿಟರಿಂಗ್ ಟೂಲಿಗೆ ಎಲ್ಲಾ ಕಾಣ್ಬೇಕು ಅಂದ್ರೆ ಸುಲಭದ ದಾರಿ ಸೂಪರ್‌ಯೂಸರ್ ಹಕ್ಕನ್ನೇ ಕೊಟ್ಟುಬಿಡೋದಾಗಿತ್ತು. ಅಡುಗೆಮನೆ ನೋಡ್ಬೇಕು ಅಂದವರಿಗೆ ಮನೆಪತ್ರ ಬರೆದುಕೊಟ್ಟ ಹಾಗೆ. 10ರಿಂದ ಅಂಕಿಅಂಶ ಓದೋಕೆ ಅಂತಲೇ ಬೇರೆ ರೋಲ್ ಬಂತು. ಬಂತು ಸರಿ, ಆದ್ರೆ ಹಳೇ ಸೆಟಪ್‌ಗಳಲ್ಲಿ ಸೂಪರ್‌ಯೂಸರ್ ಇನ್ನೂ ಹಾಗೇ ಕೂತಿರೋದನ್ನ ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೀನಿ. ಮೇಲಾಗಿ ಆ ಮಾನಿಟರಿಂಗ್ ಟೂಲು ನಿಮ್ಮ ಆಫೀಸಲ್ಲಿ ಇರಲ್ಲ. ಎಲ್ಲೋ ಕ್ಲೌಡಿನಲ್ಲಿ, ಇನ್ನೊಬ್ಬರ ಮನೆಯಲ್ಲಿ ಇರುತ್ತೆ. ಗ್ರಾಫು ಚೆನ್ನಾಗಿ ಕಾಣುತ್ತೆ ಅಂತ ನಮ್ಮ ಮನೆ ಲೆಕ್ಕವನ್ನ ಅವರ ಜಗುಲಿ ಮೇಲೆ ಇಟ್ಟಿರ್ತೀವಿ.

ಬೆಲೆಗಳನ್ನ ತೆಗೆದ್ರೂ ಕ್ವೆರಿಯ ಆಕಾರವೇ ಎಷ್ಟೋ ಹೇಳುತ್ತೆ. ಟೇಬಲ್ ಹೆಸರು 'ಎಚ್‌ಐವಿ ಕೌನ್ಸೆಲಿಂಗ್' ಅಂತಿದ್ದು, ಒಂದು ಸಣ್ಣ ಊರಿನ ಬ್ರಾಂಚಿಗೆ ಬೇರೆ ಯೂಸರ್ ಇದ್ದು, ಆ ಯೂಸರಿನ ಸಾಲಿನಲ್ಲಿ 'ಇವತ್ತು ಒಂದು ಸಲ' ಅಂತ ಕಂಡ್ರೆ? ಆ ಊರಲ್ಲಿ ಇವತ್ತು ಲ್ಯಾಬಿಗೆ ಹೋಗಿ ಬಂದವರು ಯಾರು ಅನ್ನೋದು ಊರಿನವರಿಗೆ ಗೊತ್ತಿಲ್ಲದ ವಿಷಯವಾ? ಎಣಿಕೆ ದೊಡ್ಡದಿದ್ದಾಗ ಜನ ಅದರಲ್ಲಿ ಅಡಗಿಕೊಳ್ತಾರೆ, ಒಂದಕ್ಕೆ ಇಳಿದ್ರೆ ಅಡಗೋಕೆ ಜಾಗ ಇರಲ್ಲ.

ಸರಿ, ಈಗ ಎಲ್ಲರೂ ಮೊದಲು ಕೇಳೋ ಆ ಪ್ರಶ್ನೆಗೆ ಬರೋಣ. ಸ್ಲೋ ಆಗುತ್ತಾ? ಆಗುತ್ತೆ, ಆದ್ರೆ ಜನ ಹೆದರೋ ಕಡೆ ಅಲ್ಲ.

ಲೆಕ್ಕ ಇಡಬೇಕು ಅಂದ್ರೆ ಕ್ವೆರಿ ಶುರುವಾದಾಗ ಒಂದು ಸಲ, ಮುಗಿದಾಗ ಒಂದು ಸಲ ಗಡಿಯಾರ ನೋಡ್ಬೇಕು. ಗಡಿಯಾರ ನೋಡೋದೇನು ಮಹಾ ಅನ್ನಿಸುತ್ತೆ. ಆದ್ರೆ ಮಷೀನಿನ ಗಡಿಯಾರ ಯಾವುದು ಅನ್ನೋದರ ಮೇಲೆ ಹೋಗುತ್ತೆ ಅದು. ಪ್ರಾಸೆಸರ್ ಒಳಗೇ ಇರೋ ಟಿಎಸ್‌ಸಿ ಆದ್ರೆ ಗೋಡೆ ಗಡಿಯಾರ ನೋಡಿದಷ್ಟೇ ಸಲೀಸು. ಎಸಿಪಿಐ ಅಥವಾ ಎಚ್‌ಪಿಇಟಿ ಗಡಿಯಾರಕ್ಕೆ ಬಿದ್ದಿದ್ರೆ ಟೈಮ್ ಎಷ್ಟು ಅಂತ ಕೇಳೋಕೆ ಪ್ರತಿ ಸಲವೂ ಪಕ್ಕದ ಬೀದಿಗೆ ಹೋಗಿಬಂದ ಹಾಗೆ. ಪೋಸ್ಟ್‌ಗ್ರೆಸ್ ಜೊತೆ ಇದನ್ನ ಅಳೆಯೋಕೆ 'ಪಿಜಿ ಟೆಸ್ಟ್ ಟೈಮಿಂಗ್' ಅನ್ನೋ ಪುಟ್ಟ ಪ್ರೋಗ್ರಾಂ ಬರುತ್ತೆ. ಅದರ ದಾಖಲೆಯಲ್ಲಿ ಕೊಟ್ಟಿದ್ದ ಉದಾಹರಣೆ ನನಗೆ ಬಾಯಿಪಾಠ. ಒಂದು ಟೇಬಲ್ಲಿನ ಸಾಲು ಎಣಿಸೋ ಕ್ವೆರಿ ಸುಮ್ನೆ ಓಡಿಸಿದ್ರೆ 9.8 ಮಿಲಿಸೆಕೆಂಡ್, ಹೆಜ್ಜೆ ಹೆಜ್ಜೆಗೂ ಸಮಯ ಅಳೀತಾ ಓಡಿಸಿದ್ರೆ 16.6, ಅದನ್ನೇ ಎಸಿಪಿಐ ಗಡಿಯಾರದಲ್ಲಿ ಅಳೆದ್ರೆ 115.9. ಇದು ಕ್ವೆರಿಯ ಪ್ರತಿ ಹೆಜ್ಜೆಯನ್ನೂ ಅಳೆಯೋದರ ಬೆಲೆ, 'ಆಟೋ ಎಕ್ಸ್‌ಪ್ಲೇನ್' ಅನ್ನೋ ಇನ್ನೊಂದು ಎಕ್ಸ್‌ಟೆನ್ಶನ್‌ಗೆ ಟೈಮಿಂಗ್ ಸಮೇತ ಅನಲೈಸ್ ಹಾಕಿದ್ರೆ ಬರೋದು. ಅದರಲ್ಲಿ ಲಾಗಿಗೆ ಬೀಳದ ಕ್ವೆರಿಗಳೂ ಈ ಸುಂಕ ಕಟ್ಟಬೇಕು, ಯಾಕಂದ್ರೆ ಯಾವುದು ನಿಧಾನ ಆಗುತ್ತೆ ಅಂತ ಮುಂಚೆ ಗೊತ್ತಿರಲ್ಲವಲ್ಲ! ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಮಾತ್ರ ಒಂದು ಕ್ವೆರಿಗೆ ಎರಡು ಸಲ ಗಡಿಯಾರ ನೋಡಿ ಸುಮ್ಮನಾಗುತ್ತೆ. ಎರಡಕ್ಕೂ ಹೋಲಿಕೆಯೇ ಇಲ್ಲ.

ಅದರ ನಿಜವಾದ ತೊಂದರೆ ಬೇರೆ. ಪ್ರತಿ ಆಕಾರದ ಕ್ವೆರಿಗೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಸ್ಪಿನ್‌ಲಾಕ್. ನೂರಾರು ಕನೆಕ್ಷನ್‌ಗಳು ಒಂದೇ ಆಕಾರದ ಚಿಕ್ಕ ಕ್ವೆರಿಯನ್ನ ಒಟ್ಟೊಟ್ಟಿಗೆ ಓಡಿಸಿದ್ರೆ ಎಲ್ಲರೂ ಆ ಒಂದೇ ಸಾಲಿಗೆ ಕೈ ಹಾಕ್ತಾರೆ. ಬೆಳಗ್ಗೆ ಹೊತ್ತು ಕಾಫಿ ಕೌಂಟರ್ ಮುಂದಿನ ನೂಕುನುಗ್ಗಲು. 2020ರಲ್ಲಿ 13ನೇ ವರ್ಷನ್ ತಯಾರಾಗ್ತಿದ್ದಾಗ ಪ್ಲಾನ್ ಮಾಡೋ ಸಮಯವನ್ನೂ ಎಣಿಸೋ ಸೌಲಭ್ಯ ಸೇರಿಸಿ, ಬೀಟಾದಲ್ಲಿ ಅದನ್ನ ಆನ್ ಮಾಡೇ ಕೊಟ್ಟಿದ್ರು. ಈ ನೂಕುನುಗ್ಗಲು ಜಾಸ್ತಿಯಾಗುತ್ತೆ ಅಂತ ಬಿಡುಗಡೆಗೆ ಮುಂಚೆ ಆಫ್ ಮಾಡಿದ್ರು. ದಾಖಲೆಯಲ್ಲಿ ಎಚ್ಚರಿಕೆಯೂ ಇದೆ.

ಇನ್ನೊಂದು, ಜಾಗ. ಮಾಮೂಲಿಗೆ 5000 ಆಕಾರಗಳಿಗೆ ಮಾತ್ರ ಜಾಗ. ನನ್ನ ಆ್ಯಪ್‌ನಲ್ಲಿ 200 ಕ್ವೆರಿ ಇರಬಹುದಪ್ಪ ಅಂತ ನೀವು ಅಂದ್ಕೊಂಡಿರ್ತೀರಿ. ಆದ್ರೆ ನಿಮ್ಮ ಓಆರ್‌ಎಂ ಮಹಾಶಯ 'ಈ ಐಡಿಗಳಲ್ಲಿ ಯಾವುದಾದರೂ' ಅಂತ ಪಟ್ಟಿ ಕೊಡುವಾಗ, ಎರಡು ಐಡಿ ಪಟ್ಟಿ ಒಂದು ಆಕಾರ, ಮೂರು ಐಡಿ ಪಟ್ಟಿ ಇನ್ನೊಂದು ಆಕಾರ, ನಾಲ್ಕರದ್ದು ಮತ್ತೊಂದು... 5000 ತುಂಬೋಕೆ ಎಷ್ಟು ಹೊತ್ತು? ತುಂಬಿದ ಮೇಲೆ ಅಪರೂಪಕ್ಕೆ ಓಡೋ ಸಾಲುಗಳನ್ನ ಎತ್ತಿ ಬಿಸಾಕಿ ಜಾಗ ಮಾಡುತ್ತೆ, ಹಾಗೆ ಬಿಸಾಕುವಾಗ ಇಡೀ ಪುಸ್ತಕಕ್ಕೆ ಬೀಗ. ತಿಂಗಳಿಗೊಮ್ಮೆ ಓಡಿ ಸರ್ವರ್ ಮಲಗಿಸೋ ರಿಪೋರ್ಟ್ ಕ್ವೆರಿ, ಅದೇ ನಮಗೆ ಬೇಕಾದ ಕಳ್ಳ, ಅದೇ ಮೊದಲು ಕಸದ ಬುಟ್ಟಿಗೆ. ಇದು ನಡೀತಿದೆಯಾ ಅಂತ ನೋಡೋಕೆ 2021ರ 14ನೇ ವರ್ಷನ್‌ನಲ್ಲಿ ಒಂದು ಕೌಂಟರ್ ಕೊಟ್ಟರು. ಪಟ್ಟಿಯ ಉದ್ದ ಎಷ್ಟಿದ್ರೂ ಒಂದೇ ಆಕಾರ ಅಂತ ಪರಿಗಣಿಸೋ ಬುದ್ಧಿ 2025ರ 18ನೇ ವರ್ಷನ್‌ನಲ್ಲಿ ಬಂತು.

ಇಷ್ಟೆಲ್ಲ ಹೇಳಿಯೂ, ಪೂರ್ತಿ ಲಾಗ್ ಬರೆಯೋದರ ಮುಂದೆ ಇದು ಏನೂ ಅಲ್ಲ. ಲಾಗ್ ಬರೆಯೋ ಗುಮಾಸ್ತ ಒಂದು ಬೇರೆ ಪ್ರಾಸೆಸ್. ಒಂದು ಅಕ್ಷರವೂ ಕಳೀಬಾರದು ಅಂತ ಅದನ್ನ ಮಾಡಿದ್ದಾರೆ. ಅದರ ಫಲ ಏನಪ್ಪಾ ಅಂದ್ರೆ, ವಿಪರೀತ ಲೋಡ್ ಇದ್ದು ಗುಮಾಸ್ತ ಹಿಂದೆ ಬಿದ್ರೆ, ಕ್ವೆರಿ ಓಡಿಸೋ ಪ್ರಾಸೆಸ್‌ಗಳೇ ಅವನಿಗಾಗಿ ಕಾಯ್ತಾ ನಿಲ್ಲಬಹುದು. ಕ್ಯಾಷಿಯರ್ ಪ್ರತಿಯೊಬ್ಬರ ಹೆಸರು, ಊರು, ಗೋತ್ರ ಬರ್ಕೊಂಡು ಟೋಕನ್ ಕೊಟ್ರೆ ಕ್ಯೂ ರಸ್ತೆಗೆ ಬರುತ್ತಲ್ಲ, ಹಾಗೆ. ನಮ್ಮ ಲ್ಯಾಬ್ ಸರ್ವರ್‌ನಲ್ಲಿ ಡೇಟಾ ಮತ್ತು ಲಾಗ್ ಒಂದೇ ಡಿಸ್ಕಿನಲ್ಲಿ ಬೇರೆ ಇತ್ತು. ಜನರ ಗುಟ್ಟನ್ನ ಹೆಚ್ಚು ಹೊರಹಾಕೋ ದಾರಿಯೇ ಹೆಚ್ಚು ನಿಧಾನದ್ದೂ ಆಗಿತ್ತು. ಇಂಥಾ ಕಡೆ ಸುರಕ್ಷತೆ ಬೇಕಾ ವೇಗ ಬೇಕಾ ಅಂತ ತಕ್ಕಡಿ ಹಿಡ್ಕೊಂಡು ಕೂರೋ ಅಗತ್ಯವೇ ಇರಲಿಲ್ಲ.

ಅಂತೂ ಒಂದು ಶನಿವಾರ ರಾತ್ರಿ ರೀಸ್ಟಾರ್ಟ್ ಮಾಡಿದ್ವಿ. ಡಿಬಿಎ ಸಾರ್ ಪೂರ್ತಿ ಜೊತೆಗಿದ್ರು, ಫ್ಲಾಸ್ಕಲ್ಲಿ ಕಾಫಿ ಅವರದ್ದೇ. ಎಣಿಕೆ ಆನ್ ಆಯ್ತು. ಲಾಗಿಗೆ ಸೊನ್ನೆ ಹೋಗಿ ಐದು ಸೆಕೆಂಡ್ ಬಂತು. ಮೊಬೈಲ್ ನಂಬರನ್ನ ಒಂದೇ ರೀತಿ ಶುದ್ಧ ಮಾಡಿ ಇಂಡೆಕ್ಸ್ ಹಾಕಿದ್ವಿ, ಏಳು ಸೆಕೆಂಡಿನ ಆ ಕ್ವೆರಿ ಈಗ ಕಣ್ಣಿಗೇ ಕಾಣಲ್ಲ. 13ನೇ ವರ್ಷನ್‌ನಿಂದ ಕ್ವೆರಿಗೆ ಬೇರೆಯಾಗಿ ಕಳಿಸೋ ಬೆಲೆಗಳನ್ನ ಲಾಗಿಗೆ ಬರೀಬೇಡ ಅಂತ ಹೇಳೋಕೆ ಒಂದು ಸೆಟ್ಟಿಂಗ್ ಇದೆ, ಅದನ್ನೂ ಹಾಕಿದ್ವಿ. ಆದ್ರೆ ಅದು ಕೆಲಸ ಮಾಡೋದು ಬೆಲೆಗಳನ್ನ ಬೇರೆಯಾಗಿ ಕಳಿಸಿದ್ರೆ ಮಾತ್ರ. ಕ್ವೆರಿ ಸ್ಟ್ರಿಂಗ್ ಒಳಗೇ ನಂಬರ್ ಹೊಲಿದು ಕಳಿಸಿದ್ರೆ ಯಾವ ಸೆಟ್ಟಿಂಗೂ ಕಾಪಾಡಲ್ಲ. ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ ಹೆದರಿ ಕಾಲೇಜಲ್ಲಿ ಕಲಿತ ಪಾಠ, ಇಲ್ಲಿ ಬೇರೆ ಕಾರಣಕ್ಕೆ ಕೈ ಹಿಡೀತು.

ಕ್ಲೈಂಟ್ ಕಡೆಯ ಒಬ್ಬರು ಆಗ ಒಂದು ಪಾಯಿಂಟ್ ತೆಗೆದ್ರು. "ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ 180 ದಿನ ಲಾಗ್ ಇಡಲೇಬೇಕಲ್ವಾ? ನೀವು ಕಮ್ಮಿ ಮಾಡ್ತಿದ್ದೀರಲ್ಲ?" ನಾನು ವಕೀಲ ಅಲ್ಲ, ಆದ್ರೂ ನನ್ನ ವಾದ ಇಷ್ಟು. ಲಾಗ್ ಇಡಿ ಅಂದಿದ್ದು ಏನಾದ್ರೂ ಅನಾಹುತ ಆದ್ರೆ ಯಾರು, ಯಾವಾಗ, ಎಲ್ಲಿಂದ ಬಂದ್ರು ಅಂತ ಪತ್ತೆ ಹಚ್ಚೋಕೆ. ಅದಕ್ಕೆ ಪೇಷೆಂಟಿನ ಬಯಾಪ್ಸಿ ವಿವರ ಬೇಕಿಲ್ಲ. ಇನ್ನೊಂದು ಕಡೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಭದ್ರತೆ ವಹಿಸದಿದ್ರೆ 250 ಕೋಟಿ ರೂಪಾಯಿವರೆಗೆ ದಂಡ ಅಂತಿದೆ. ಒಳಗೆ ಬಂದವರ ಲಾಗ್ ಒಂದು ಕಡೆ, ಕ್ವೆರಿಗಳ ಲೆಕ್ಕ ಒಂದು ಕಡೆ ಅಂತ ಬೇರೆ ಮಾಡಿದ್ವಿ. 250 ಕೋಟಿ ಅನ್ನೋದು ಕೇಳಿದ ಮೇಲೆ ಆ ಮೀಟಿಂಗ್ ಬೇಗ ಮುಗೀತು :)

ಮುಗೀತು ಅಂದ್ಕೊಂಡಿದ್ವಿ. ಕಳೆದ ವಾರ ಲಾಗ್ ತೆಗೆದು ನೋಡಿದ್ರೆ ಮತ್ತೆ ಮೊಬೈಲ್ ನಂಬರ್‌ಗಳು! ಈ ಸಲ ಕ್ವೆರಿಯಲ್ಲಲ್ಲ, ಎರರ್‌ನಲ್ಲಿ. ಒಂದೇ ನಂಬರನ್ನ ಎರಡನೇ ಸಲ ಸೇರಿಸೋಕೆ ಹೋದ್ರೆ ಪೋಸ್ಟ್‌ಗ್ರೆಸ್ 'ಮೊಬೈಲ್ = ಇಂಥದ್ದು, ಇದು ಆಗಲೇ ಇದೆ' ಅಂತ ನಂಬರ್ ಸಮೇತ ವಿವರದ ಸಾಲಲ್ಲಿ ಬರೆಯುತ್ತೆ. ಎರರ್ ಮಾತನ್ನ ಚಿಕ್ಕದು ಮಾಡೋ ಸೆಟ್ಟಿಂಗ್ ಇದೆ, ಹಾಕಿದ್ರೆ ಆ ವಿವರದ ಸಾಲು ಹೋಗುತ್ತೆ. ಆದ್ರೆ ಅದರ ಜೊತೆ ಡೆವಲಪರ್‌ಗಳು ಬಗ್ ಹುಡುಕೋಕೆ ನೆಚ್ಚಿಕೊಂಡಿರೋ ಸುಳಿವೆಲ್ಲ ಹೋಗುತ್ತೆ. ಅವರು ಬೇಡವೇ ಬೇಡ ಅಂತಿದ್ದಾರೆ, ಅವರ ಮಾತಲ್ಲೂ ನ್ಯಾಯ ಇದೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡೋರು ಅವರು ತಾನೇ. ಸಂಜೆ ಆ ಸಾಲುಗಳನ್ನ ಮಾತ್ರ ಅಳಿಸೋ ಸ್ಕ್ರಿಪ್ಟ್ ಬರೆಯೋಣ ಅಂತ ಒಬ್ಬರು, ಬೆಳಗ್ಗಿಂದ ಸಂಜೆವರೆಗೆ ಅದು ಅಲ್ಲೇ ಬಿದ್ದಿರುತ್ತಲ್ಲ ಅಂತ ಇನ್ನೊಬ್ಬರು. ಬುಧವಾರ ಮತ್ತೆ ಕೂರ್ತಿದ್ದೀವಿ. ಟೆಸ್ಟಿಂಗ್ ಟೀಮಿನ ಆ ಸಹೋದ್ಯೋಗಿಯನ್ನೂ ಕರೆದಿದ್ದೀನಿ, ಬರ್ತೀನಿ ಅಂದಿದ್ದಾರೆ.

ನಿಮ್ಮ ಕಡೆ ಇದಕ್ಕೆ ಏನು ಮಾಡಿದ್ದೀರಿ? ಬುಧವಾರದೊಳಗೆ ಹೇಳಿದ್ರೆ ಉಪಕಾರ ಆಗುತ್ತೆ.